ಮನೆತನದ ಗಿಟಾರ್

ಮರಗಳೆಲ್ಲ ಮಾತಾಡುತ್ತಿದ್ದ ಕಾಲವೊಂದಿತ್ತಂತೆ. ಮನುಷ್ಯ ಕೊಡಲಿ ಹಿಡಿದು ಬಂದ ದಿನ ಅವೆಲ್ಲ ಒಟ್ಟಿಗೇ ಬಾಯಿ ಮುಚ್ಚಿಕೊಂಡವಂತೆ. ಅಲ್ಲಿಂದೀಚೆಗೆ ಒಂದು ಮರದ ಬಾಯಿ ಬಿಡಿಸಬೇಕಾದರೆ ಅದನ್ನು ತೆಳ್ಳಗೆ ಸೀಳಿ, ಹೊಟ್ಟೆ ಮಾಡಿ, ಕತ್ತು ಕೂರಿಸಿ, ತಂತಿ ಬಿಗಿದು, ವರ್ಷಗಟ್ಟಲೆ ಮುದ್ದು ಮಾಡಬೇಕಂತೆ. ಅಂಥ ಕೆಲಸ ಕಲಿತ ಒಬ್ಬ ಅಣ್ಣನಿದ್ದ. ಅವನಿಗೊಬ್ಬಳು ತಂಗಿ. ಅಣ್ಣ ತಂಗಿಗೊಂದು ಮಾತು ಕೊಟ್ಟಿದ್ದ. ಕತೆಗಳಲ್ಲಿ ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟು ಹೋಗುತ್ತಾರೆ. ಇವನ ಹತ್ತಿರ ಬಿಡಲು ರಾಜ್ಯವಿರಲಿಲ್ಲ. ಹಾಗಾಗಿ ದಿನ ಮುಂದೂಡುತ್ತ ಬಂದ.

ಮಾತು ಇಷ್ಟೇ. ಇಬ್ಬರೂ ಚಿಕ್ಕವರಿದ್ದಾಗ ಅಮ್ಮ ಹೊಲಿದ ಬಟ್ಟೆ ಕೊಡಲು ಒಂದು ದೊಡ್ಡ ಮನೆಗೆ ಹೋಗಿದ್ದಳು. ಮಕ್ಕಳು ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಆ ಮನೆಯ ಯಜಮಾನರು ಗಿಟಾರ್ ನುಡಿಸುತ್ತಿದ್ದರು. ನೋಡನೋಡುತ್ತಿದ್ದಂತೆ ತಂಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಯಾರೇ ಹೊಡೆದ್ರು?" ಎಂದಳು ಅಮ್ಮ, ಅಣ್ಣನನ್ನೇ ದುರುಗುಟ್ಟಿ ನೋಡುತ್ತ.

"ಅದು" ಎಂದು ತಂಗಿ ಗಿಟಾರಿನತ್ತ ಬೆರಳು ತೋರಿಸಿದಳು.

ಯಜಮಾನರು ನಕ್ಕುಬಿಟ್ಟರು. "ಇದು ಅಂತಿಂಥದ್ದಲ್ಲಮ್ಮ. ತಲೆತಲಾಂತರದಿಂದ ಇದನ್ನೇ ಮಾಡ್ಕೊಂಡು ಬಂದಿರೋ ಕಂಪನಿ. ಮನೆತನ ಇರೋದು."

ವಾಪಸು ಬರುವ ದಾರಿಯಲ್ಲಿ ಅಣ್ಣ ತನ್ನ ಅಂಗಿಯ ತುದಿಯಿಂದ ತಂಗಿಯ ಮೂಗು ಒರೆಸಿದ. "ಅಳಬೇಡ ಕಣೇ. ಅದಕ್ಕಿಂತ ಚೆನ್ನಾಗಿರೋದು ನಾನೇ ಮಾಡಿಕೊಡ್ತೀನಿ" ಎಂದ. 'ಅದಕ್ಕಿಂತ ಚೆನ್ನಾಗಿರೋದು' ಅನ್ನುವಷ್ಟನ್ನು ನುಂಗಿಕೊಂಡು ಬರೀ ಮಾಡಿಕೊಡ್ತೀನಿ ಅಂದಿದ್ದರೆ ಈ ಕತೆ ಎಂದೋ ಮುಗಿಯುತ್ತಿತ್ತು.

ಅಣ್ಣ ದೊಡ್ಡವನಾಗಿ ನಿಜಕ್ಕೂ ಗಿಟಾರ್ ಮಾಡುವವನಾದ. ಬೀದಿಯವರೆಲ್ಲ ಅವನನ್ನು ಉಳಿಯಣ್ಣ ಅಂತಲೇ ಕರೆಯುತ್ತಿದ್ದರು. ಒಂದೇ ಕಿಟಕಿಯ ಉದ್ದನೆಯ ಕೋಣೆ, ನೆಲದ ತುಂಬ ಸುರುಳಿ ಸುರುಳಿ ಮರದ ಹೆರೆ, ಮೂಲೆಯಲ್ಲಿ ಅಂಟು ಬಿಸಿ ಮಾಡುವ ಪಾತ್ರೆ. ಬಂದವರಿಗೆಲ್ಲ ಗಿಟಾರ್ ಮಾಡಿಕೊಟ್ಟ. ಬಿರುಕು ಬಿಟ್ಟಿದ್ದನ್ನು ಕೂಡಿಸಿದ, ಬಾಗಿದ್ದನ್ನು ನೆಟ್ಟಗೆ ಮಾಡಿದ. ತಂಗಿಯದು ಮಾತ್ರ ತಂತಿಯಿಲ್ಲದೆ ತೊಲೆಗೆ ನೇತಾಡುತ್ತಿತ್ತು. ಬಿಡುವಾದಾಗ ಅದನ್ನಿಳಿಸಿ, ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಬಾಗಿಲ ಬಳಿ ಕೇಳಿದ ಆ ದನಿಯ ಜೊತೆ ಇಟ್ಟು ತೂಗುತ್ತಿದ್ದ. "ಇನ್ನೂ ಇಲ್ಲ" ಎಂದು ಬೆನ್ನಿನ ಹಲಗೆ ಬಿಚ್ಚಿ, ಒಳಗಿನ ಪಟ್ಟಿಗಳನ್ನು ಕೂದಲೆಳೆಯಷ್ಟು ಹೆರೆದು ಮತ್ತೆ ಅಂಟಿಸುತ್ತಿದ್ದ.

"ಪಾಪ, ಅದರ ಹೊಟ್ಟೆ ಕೊಯ್ದಷ್ಟು ಸಲ ಯಾವ ಡಾಕ್ಟರೂ ಯಾರದ್ದೂ ಕೊಯ್ದಿರಲಿಕ್ಕಿಲ್ಲ" ಎನ್ನುತ್ತಿದ್ದಳು ಹೆಂಡತಿ. "ನಿಮ್ಮ ತಂಗಿ ಮೊಮ್ಮಕ್ಕಳ ಕಂಡ ಮೇಲಾದರೂ ಕೊಡ್ತೀರೋ, ಇಲ್ಲ ಮೊಮ್ಮಕ್ಕಳಿಗೇ ಕೊಡ್ತೀರೋ?"

ತಂಗಿ ಮಾತ್ರ ಒಂದು ದಿನವೂ ಕೇಳಲಿಲ್ಲ. ಪುಟ್ಟ ಮಕ್ಕಳ ಶಾಲೆಯಲ್ಲಿ ಅವಳು ಹಾಡು ಕಲಿಸುವ ಟೀಚರ್. ಶಾಲೆಯ ಪ್ಲೈವುಡ್ ಗಿಟಾರನ್ನೇ ಬಡಿದು ಬಡಿದು ಅರ್ಧ ಆಯಸ್ಸು ಕಳೆದಿದ್ದಳು. ಒಂದು ಭಾನುವಾರ ಬೆಳಿಗ್ಗೆ ಬಂದವಳು ಸ್ಟೂಲಿನ ಮೇಲಿನ ಹೆರೆಯನ್ನು ಕೊಡವಿ ಕೂತಳು.

"ಅಣ್ಣಾ, ಪೇಟೆಯ ಅಂಗಡಿಗೆ ಆ ಮನೆತನದ ಗಿಟಾರ್ ಬಂದಿದೆ. ಹೊಸದೂ ಇದೆ, ಹಳೇದೂ ಇದೆ. ಒಂದು ತಗೊಳ್ಳೋಣ ಅಂತ."

ಅವನ ಕೈಯಲ್ಲಿದ್ದ ಉಳಿ ನಿಂತಿತು.

"ಬೆಲೆ ಕೇಳಿದ್ರೆ ತಲೆ ತಿರುಗುತ್ತೆ" ಎಂದಳು. "ಅಷ್ಟಕ್ಕೆ ತಕ್ಕ ಮಾಲೋ, ಬರೀ ಹೆಸರೋ, ನೀನೇ ಬಂದು ಹೇಳಬೇಕು. ನಿನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

"ಈಗಲೇ ಯಾಕೆ ಅವಸರ?"

ತಂಗಿ ಎಡಗೈ ಚಾಚಿ ತೋರಿಸಿದಳು. ಬೆರಳ ಗೆಣ್ಣುಗಳು ಊದಿದ್ದವು. "ಇವು ಇನ್ನೆಷ್ಟು ದಿನ ಮಾತು ಕೇಳ್ತವೋ ಡಾಕ್ಟರಿಗೂ ಗೊತ್ತಿಲ್ಲವಂತೆ. ಒಂದು ಸಲ ಒಳ್ಳೇದು ಅಂತ ನುಡಿಸಿಬಿಡಬೇಕು. ನೀನು ಮುಖ ಸಣ್ಣಗೆ ಮಾಡ್ಕೋಬೇಡ. ನಿಂದು ಆದಾಗ ಆಗಲಿ. ಎರಡಿದ್ರೆ ಮನೆಗೆ ಭಾರವಾ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಸಮಾಧಾನ ಮಾಡಿದ್ದು ಅವನ ಎದೆಗೆ ನಾಟಿತು. ಅದನ್ನು ಕೊಂಡುಬಿಟ್ಟಳೆಂದರೆ ತನ್ನ ಮಾತು ಅಲ್ಲಿಗೆ ಮುಗಿಯಿತು, ಆಮೇಲೆ ತಾನು ಮಾಡಿಕೊಡುವುದು ಗೋಡೆಗೆ ತೂಗುವ ಅಲಂಕಾರ ಅಷ್ಟೇ. ಆದರೂ ಮರುದಿನ ಸಂಜೆ ಅಂಗಿ ಬದಲಿಸಿಕೊಂಡು ತಂಗಿಯ ಜೊತೆ ಅಂಗಡಿಗೆ ಹೊರಟ.

ಅಂಗಡಿಯವರು ಮೃದು ಮನುಷ್ಯ, ಗಿಟಾರ್ ಎತ್ತಿಕೊಡುವಾಗ ಮಗುವನ್ನು ಎತ್ತಿಕೊಟ್ಟಂತೆ ಕುತ್ತಿಗೆಗೆ ಕೈಯಾನಿಸಿ ಕೊಡುವವರು. ಮೊದಲು ಹೊಸದನ್ನು ಕೊಟ್ಟರು. ಉಳಿಯಣ್ಣ ತಟ್ಟಿದ, ಮೀಟಿದ, ರಂಧ್ರದೊಳಗೆ ಇಣುಕಿದ.

"ಚೆನ್ನಾಗಿದೆ. ಇಷ್ಟೇ ಚೆನ್ನಾಗಿರೋದು ಇದರ ಅರ್ಧ ಬೆಲೆಗೂ ಸಿಗುತ್ತೆ. ಮಿಕ್ಕ ಅರ್ಧ ಒಳಗೆ ಅಂಟಿಸಿರೋ ಈ ಹೆಸರಿನ ಚೀಟಿಗೆ."

"ಚೀಟಿ ಏನು ಸುಳ್ಳಾ ಸಾರ್?" ಎಂದರು ಅಂಗಡಿಯವರು, ನಗುತ್ತಲೇ.

"ಸುಳ್ಳು ಅಂದೋರು ಯಾರು? ಈ ಚೀಟಿ ನೋಡಿ ಕಣ್ಣು ಮುಚ್ಕೊಂಡು ಕೊಳ್ಳಬಹುದು. ನಾಳೆ ಮಾರಿದ್ರೂ ಕೈ ಸುಡಲ್ಲ. ನನ್ನಂಥೋರ ಹತ್ರ ಬರೋರು ಕಣ್ಣು ಬಿಟ್ಕೊಂಡೇ ಬರಬೇಕು. ಆ ನೆಮ್ಮದಿಗೂ ಒಂದು ಬೆಲೆ ಇದೆ, ಇಲ್ಲ ಅನ್ನಲ್ಲ."

ಆಮೇಲೆ ಹಳೆಯದು ಬಂತು. ಬಣ್ಣ ಮಾಸಿ ಜೇನಿನಂತಾಗಿತ್ತು. ಯಾರದೋ ಮೊಣಕೈ ಊರಿದ ಕಡೆ ಹೊಳಪು ಸವೆದಿತ್ತು. ಉಳಿಯಣ್ಣ ಒಂದೇ ಒಂದು ತಂತಿ ಮೀಟಿದ. ಅದೇ ದನಿ. ಬಾಗಿಲ ಹತ್ತಿರ ನಿಂತಿದ್ದ ಅಷ್ಟು ಚಿಕ್ಕ ಹುಡುಗಿಯನ್ನು ಅಳಿಸಿದ ದನಿ. ತಾನು ಇಷ್ಟು ವರ್ಷ ಹೆರೆದೂ ಹೆರೆದೂ ಮುಟ್ಟಲಾರದ್ದು.

ಸಾಧಾರಣ ಅಂತ ಹೇಳಿಬಿಡಬಹುದಿತ್ತು. ಆ ಮಾತು ನಾಲಗೆಯ ತುದಿಗೂ ಬಂತು. ತಂಗಿ ಕಣ್ಣು ಮಿಟುಕಿಸದೆ ಅವನ ಮುಖ ನೋಡುತ್ತಿದ್ದಳು.

"ಒಡೆದಿದೆ" ಎಂದ.

ಅಂಗಡಿಯವರು ಎದೆಗೆ ಕೈ ಹಚ್ಚಿಕೊಂಡರು. "ಅಯ್ಯೋ, ಎಲ್ಲಿ? ಎಲ್ಲಿ ಒಡೆದಿದೆ? ಬೆಳಿಗ್ಗೆ ನಾನೇ ಒರೆಸಿಟ್ಟಿದ್ದೀನಲ್ಲ!"

ತಂಗಿಗೆ ನಗು ತಡೆಯಲಾಗಲಿಲ್ಲ. "ಗಿಟಾರ್ ಒಡೆದಿಲ್ಲ ಸಾರ್, ದನಿ ಒಡೆದಿದೆ ಅಂತಾನೆ. ಮೀಸೆ ಬರೋ ವಯಸ್ಸಲ್ಲಿ ಹುಡುಗರ ದನಿ ಒಡೆಯಲ್ವಾ, ಹಾಗೆ. ನುಡಿಸ್ತಾ ನುಡಿಸ್ತಾ ವರ್ಷಗಳಾದ ಮೇಲೆ ಮರ ಬಿಚ್ಕೊಳ್ಳುತ್ತೆ. ನಮ್ಮ ಮನೆ ಭಾಷೆ ಇದು."

"ನಾಲ್ಕು ಜನರೆದುರು ಮಾತ್ರ ಹಾಗನ್ನಬೇಡಿ. ನನ್ನ ವ್ಯಾಪಾರ ಒಡೆದುಹೋಗುತ್ತೆ" ಎಂದು ಅವರು ಕುರ್ಚಿಯಲ್ಲಿ ಕುಸಿದು ಕೂತರು.

"ತಗೋ" ಎಂದ ಉಳಿಯಣ್ಣ ತಂಗಿಗೆ. ದನಿ ಗಟ್ಟಿ ಮಾಡಿಕೊಂಡೇ ಹೇಳಿದ. "ಬೆಲೆಗೆ ತಕ್ಕದ್ದು. ನಾನು ಮಾಡೋದು ಇದರ ಹತ್ರಕ್ಕೂ ಬರಲ್ಲ."

ತಂಗಿ ಗಿಟಾರನ್ನು ತೊಡೆಗೇರಿಸಿಕೊಂಡಳು. ಒಂದು ಸ್ವರಗುಚ್ಛ ಹಿಡಿದಳು. ಮೂರು ತಂತಿಯ ದನಿ ಜೇನಿನಂತೆ ಹರಿಯಿತು, ಮಿಕ್ಕವು ಬುರ್ರೆಂದು ಗೊರಗುಟ್ಟಿದವು. ಇನ್ನೊಮ್ಮೆ ಒತ್ತಿದಳು. ಕತ್ತು ದಪ್ಪ, ಹಿಂದಿನ ಕಾಲದ ದೊಡ್ಡ ಕೈಗಳ ಅಳತೆ. ಹೆಬ್ಬೆರಳು ಜಾರಿತು. ಅವಳು ತುಟಿ ಬಿಗಿದು, "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ನಕ್ಕಳು. ಆ ನಗು ಅವನಿಗೆ ಗೊತ್ತು. ಬಿದ್ದು ಮಂಡಿ ತರಚಿಕೊಂಡಾಗ ಏನೂ ಆಗಿಲ್ಲ ಅನ್ನಲು ನಗುತ್ತಿದ್ದ ನಗು.

"ಕತ್ತನ್ನ ಸ್ವಲ್ಪ ಹೆರೆದು ತೆಳ್ಳಗೆ ಮಾಡಿದ್ರೆ?" ಎಂದು ಅಂಗಡಿಯವರನ್ನು ಕೇಳಿದ.

"ಸಾರ್, ಉಳಿ ತಾಗಿದ್ರೆ ಇದರ ಬೆಲೆ ನೆಲ ಕಚ್ಚುತ್ತೆ. ಹುಟ್ಟಿದ ಹಾಗೇ ಇದೆ ಅನ್ನೋದಕ್ಕೇ ಅಲ್ವಾ ಇಷ್ಟು ಬೆಲೆ?"

"ಅಂದ್ರೆ" ಎಂದಳು ತಂಗಿ ನಿಧಾನಕ್ಕೆ, "ದುಡ್ಡು ನಂದು. ಬದಲಾಗಬೇಕಾದ್ದು ಮಾತ್ರ ನನ್ನ ಕೈ." ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ತುಂಬಿಕೊಂಡಿತು.

ಉಳಿಯಣ್ಣನಿಗೆ ಆಗ ಹೊಳೆಯಿತು. ಇಷ್ಟು ವರ್ಷ ತಾನು ಬರೀ ಹೊಟ್ಟೆ ನೋಡಿದ್ದ. ದನಿ, ದನಿ ಅಂತ ಆ ಬಾಗಿಲಲ್ಲಿ ಕೇಳಿದ್ದರ ಹಿಂದೆಯೇ ಬಿದ್ದಿದ್ದ. ಬೇರೆಲ್ಲ ಗಿರಾಕಿಗಳ ಕೈ ಹಿಡಿದು ಅಳತೆ ತೆಗೆದವನು, ಇವಳ ಕೈಯನ್ನು ಒಂದು ಸಲವೂ ನೋಡಿರಲಿಲ್ಲ.

ಎರಡು ಬೆರಳು ಜೋಡಿಸಿ ಅವಳ ಮುಂದೆ ಹಿಡಿದ. "ಹಿಡ್ಕೋ. ಗಿಟಾರಿನ ಕತ್ತು ಅಂದ್ಕೋ."

ತಂಗಿ ಹಿಡಿದಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಅವಳು ಹಿಡಿಯುತ್ತಿದ್ದದ್ದೂ ಹೀಗೇ, ಆ ಎರಡೇ ಬೆರಳು.

"ನೋವಾಗುತ್ತಾ?"

"ಇಲ್ಲ." ಅವಳಿಗೇ ಆಶ್ಚರ್ಯ. "ಇಲ್ಲ ಅಣ್ಣಾ, ಇಲ್ಲಿ ನೋವೇ ಇಲ್ಲ."

"ಅದಕ್ಕಿಂತ ಚೆನ್ನಾಗಿ ಮಾಡಿಕೊಡ್ತೀನಿ ಅಂದಿದ್ದೆ. ನನ್ನ ಕೈಲಿ ಆಗಲ್ಲ ಕಣೇ" ಎಂದ.

"ನಾನೆಲ್ಲಿ ಕೇಳಿದ್ದೆ ಅದಕ್ಕಿಂತ ಚೆನ್ನಾಗಿರೋದನ್ನ? ನನಗೆ ಬೇಕಾಗಿದ್ದು ಒಂದು ಗಿಟಾರ್. ಪಂದ್ಯ ಕಟ್ಟಿದವನು ನೀನು." ಅವನ ಬೆರಳು ಬಿಡದೆಯೇ ಹೇಳಿದಳು. "ಆ ಹಲಗೆ ಇನ್ನೊಂದು ಸಲ ಬಿಚ್ಚಿದ್ರೆ ನೋಡು, ಅತ್ತಿಗೆ ಜೊತೆ ಸೇರಿ ನಿನ್ನ ಹೊಟ್ಟೇನೇ ಬಿಚ್ತೀವಿ."

ಅಂಗಡಿಯವರು ಹಳೆಯದನ್ನು ಮೆಲ್ಲಗೆ ಎತ್ತಿಕೊಂಡು ಅದರ ಜಾಗಕ್ಕೆ ಇಟ್ಟರು. "ಆದಮೇಲೆ ಇಲ್ಲಿಗೂ ತನ್ನಿ, ನಾನೂ ಕೇಳ್ತೀನಿ" ಎಂದರಷ್ಟೆ.

ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ತಂಗಿ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಉಳಿಯಣ್ಣ ತೊಲೆಯಿಂದ ಇಳಿಸಿದ ಗಿಟಾರಿನ ಕತ್ತಿನ ಬೆನ್ನು ಹೆರೆಯುವುದು, ಅವಳು ಹಿಡಿದು ನೋಡುವುದು. "ಇನ್ನೂ ಸ್ವಲ್ಪ." ಮತ್ತೆ ಹೆರೆಯುವುದು. "ಹೆಬ್ಬೆರಳಿನ ಹತ್ರ ಮಾತ್ರ." ಮರಳುಕಾಗದದ ನಯವಾದ ಸದ್ದು. ಒಂದು ಸಂಜೆ ಹಿಡಿದವಳು ಕತ್ತನ್ನು ಬಿಡಲೇ ಇಲ್ಲ. ಸಾಕು ಅಂತ ಅವನಿಗೆ ತಿಳಿಯಿತು.

ಇರುವುದರಲ್ಲೇ ತೆಳ್ಳನೆಯ ತಂತಿಗಳನ್ನು ಆರಿಸಿ ಕಟ್ಟಿದ. ಕತ್ತಿನ ತುದಿಯ ತಿರುಪುಗಳಿಗೆ ಆ ಕೋಣೆಯಲ್ಲಿ ಕಿವಿ ಅಂತಲೇ ಹೆಸರು. ಒಂದೊಂದೇ ಕಿವಿ ಹಿಂಡುತ್ತ ಬಂದ. ಮೀಟಿ ನೋಡಿದ. ಎಳೆ ದನಿ, ಕಿರಿದು, ಇನ್ನೂ ಹಾಲುಹಲ್ಲಿನದು. ಅವನ ಹುಬ್ಬು ಗಂಟಾಯಿತು. "ಒಳಗಿನ ಪಟ್ಟಿ ಒಂಚೂರು..." ಎನ್ನುತ್ತ ಕೈ ತಾನಾಗಿಯೇ ತಂತಿ ಸಡಿಲಿಸಲು ಹೋಯಿತು.

ತಂಗಿ ಆ ಕೈಗೆ ಪಟ್ಟೆಂದು ಹೊಡೆದಳು. "ಇತ್ತ ಕೊಡು."

"ದನಿ ಒಡೆಯೋಕೆ ವರ್ಷಗಟ್ಟಲೆ ಬೇಕು ಕಣೇ. ನಿನ್ನ ಬೆರಳು..."

"ನನ್ನ ಬೆರಳು ಎಷ್ಟು ದಿನ ಬರುತ್ತೋ ಅಷ್ಟು ದಿನ ನಾನು ನುಡಿಸ್ತೀನಿ. ಆಮೇಲೆ ಬೇರೆ ಯಾರಾದ್ರೂ ನುಡಿಸಲಿ. ಆ ಹಳೇದನ್ನೂ ಒಬ್ಬರೇ ನುಡಿಸಿದ್ರಾ?"

ಅವಳು ನುಡಿಸಿದಳು. ಶಾಲೆಯ ಮಕ್ಕಳಿಗೆ ಕಲಿಸುವ ಒಂದು ಸಾದಾ ಹಾಡು. ಆರೂ ತಂತಿ ಸ್ಪಷ್ಟವಾಗಿ ಕೇಳಿದವು. ಅವಳ ತುಟಿ ಬಿಗಿಯಲಿಲ್ಲ. ಪಕ್ಕದ ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಉಳಿಯಣ್ಣ ದನಿಗೆ ಕಿವಿಗೊಡುವುದನ್ನು ಮರೆತು, ಗಿಟಾರಿನ ಕತ್ತಿನ ಮೇಲೆ ಸರಾಗವಾಗಿ ಓಡಾಡುತ್ತಿದ್ದ ಆ ಊದಿದ ಬೆರಳುಗಳನ್ನೇ ನೋಡುತ್ತ ಕೂತ.

ಹಾಡು ಮುಗಿದ ಮೇಲೆ ಗಿಟಾರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ. ಚೀಲದೊಳಗಿಟ್ಟು ಜಿಪ್ ಎಳೆದ. ಎರಡೂ ಕೈಯಲ್ಲಿ ಎತ್ತಿ ತಂಗಿಗೆ ಕೊಟ್ಟ.