ಪಟ್ಟಿಯ ಕೊನೆಯ ಎರಡು ಸಾಲು

ನಿದಿಯಾ ಒಲಾವೆರಿ ಅಕ್ಷರ ಕಲಿತದ್ದೇ ತಿರುಗುಮುರುಗಾಗಿ. ಮೊಂಟೆವಿಡಿಯೊ ಬಂದರಿನ ಹಿಂದಿನ ಓಣಿಯಲ್ಲಿ ದೋನ್ ಫೆರ್ಮಿನ್ ಬೆಂತಾಂಕೊರ್ ಅವರ ಅಚ್ಚುಕೂಟವಿತ್ತು. 'ದೋನ್' ಎಂಬುದು ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ. ಅವಳಪ್ಪ ಅಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದ. ಶಾಲೆ ಬಿಟ್ಟೊಡನೆ ಓಡಿಬಂದು, ಕಾಗದದ ಹೊರೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಸೀಸದ ಮೊಳೆಗಳನ್ನು ಬಲದಿಂದ ಎಡಕ್ಕೆ ಓದುವುದು ಅವಳ ಆಟ. ಮಳೆ ಬಂದ ದಿನ ದೋನ್ ಫೆರ್ಮಿನ್‌ರ ಹೆಂಡತಿ ಕೊಬ್ಬಿನಲ್ಲಿ ಕರಿದ ಬಿಸಿ ರೊಟ್ಟಿ ಕಳಿಸುತ್ತಿದ್ದರು. ಮಸಿ ಕೈಯಲ್ಲೇ ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದರು. ಯೆರ್ಬಾ ಸೊಪ್ಪಿನ ಕಷಾಯ ಹೀರುವ ಸೋರೆ ಬುರುಡೆ ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ಅರ್ಧ ಊರಿನ ಸುದ್ದಿ ಮುಗಿದಿರುತ್ತಿತ್ತು.

ಅಲ್ಲಿ ಅಚ್ಚಾಗುತ್ತಿದ್ದುದು 'ಲಗಾಮು' ಎಂಬ ಕುದುರೆ ರೇಸಿನ ವಾರಪತ್ರಿಕೆ. ಯಾವ ಕುದುರೆ ಕುಂಟುತ್ತಿದೆ, ಯಾವ ಸವಾರ ಹೆಂಡತಿಯೊಡನೆ ಜಗಳವಾಡಿಕೊಂಡು ಬಂದಿದ್ದಾನೆ, ಇಂಥವು. ಎಪ್ಪತ್ತಮೂರರಲ್ಲಿ ಸೈನ್ಯದವರು ಅಧಿಕಾರ ಹಿಡಿದಾಗ ಊರಿನ ದೊಡ್ಡ ಪತ್ರಿಕೆಗಳು ಒಂದೊಂದಾಗಿ ಬಾಗಿಲು ಹಾಕಿದವು. 'ಲಗಾಮು' ಮಾತ್ರ ಉಳಿಯಿತು. ಕುದುರೆ ವಿಷಯ ಯಾರು ತಿದ್ದುತ್ತಾರೆ? ಸೆನ್ಸಾರ್ ಅಧಿಕಾರಿ ಅದನ್ನು ಓದುತ್ತಿದ್ದುದು ಬಾಜಿ ಕಟ್ಟುವುದಕ್ಕೆ.

ಅಷ್ಟರಲ್ಲಿ ಅಪ್ಪನೂ ದೋನ್ ಫೆರ್ಮಿನ್‌ರ ಹೆಂಡತಿಯೂ ತೀರಿಕೊಂಡಿದ್ದರು. ನಿದಿಯಾ ಒಂದು ಸಚಿವಾಲಯದಲ್ಲಿ ಟೈಪಿಸ್ಟ್ ಆಗಿ ಸೇರಿದ್ದಳು. ಆ ವಿಭಾಗದಲ್ಲಿ ಅವಳೂ ಸೇರಿ ನಾಲ್ಕು ಜನ ಹುಡುಗಿಯರು. ಪ್ರತಿ ಸೋಮವಾರ ಅವಳ ಮೇಜಿಗೆ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರಿಲ್ಲ, ಕಾರಣವಿಲ್ಲ, ಬರೀ ಮನೆ ವಿಳಾಸಗಳು, ಪಕ್ಕದಲ್ಲೊಂದು ಅಂಕಿ. ಅಂಕಿ ವಾರವಾರ ಬದಲಾಗುತ್ತಿತ್ತು, ವಿಳಾಸ ಬದಲಾಗುತ್ತಿರಲಿಲ್ಲ. ದಿನಸಿ ಲೆಕ್ಕವೇನೋ ಎಂದುಕೊಂಡು ಎರಡು ವರ್ಷ ಟೈಪ್ ಮಾಡಿದಳು. ಆಮೇಲೊಂದು ಸೋಮವಾರ ಪಟ್ಟಿಯಲ್ಲಿ ಹೊಸ ವಿಳಾಸವೊಂದು ಸೇರಿತು. ಅದು ಅವಳದೇ ಬೀದಿಯದು. ಬ್ರೆಡ್ ಅಂಗಡಿಯ ಪಕ್ಕದ ಮನೆ, ಕಿಟಕಿಗಳಿಗೆ ಒಳಗಿನಿಂದ ಹಲಗೆ ಹೊಡೆದ ಮನೆ. ಮಧ್ಯಾಹ್ನದ ಹೊತ್ತು ಅಲ್ಲಿಂದ ರೇಡಿಯೊ ಕಿವಿ ಕಿತ್ತುಹೋಗುವಂತೆ ಕೂಗುತ್ತಿತ್ತು. ರೇಡಿಯೊ ಅಷ್ಟು ಜೋರು ಯಾಕೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಅಂಕಿ ಏನು ಎಂಬುದು ನಿದಿಯಾಗೆ ಆ ದಿನ ಹೊಳೆಯಿತು. ಅದು ಒಳಗೆ ಕೂಡಿಹಾಕಿದ ಜನರ ಎಣಿಕೆ.

ಮುಂದಿನ ಸೋಮವಾರ ಅವಳು ಕಾರ್ಬನ್ ಹಾಳೆಯ ಕೆಳಗೆ ಇನ್ನೊಂದು ಕಾಗದ ಜಾಸ್ತಿ ಇಟ್ಟಳು. ಆ ಪ್ರತಿಯನ್ನು ಒಳಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದು, ನೇರವಾಗಿ ಅಚ್ಚುಕೂಟಕ್ಕೆ ಹೋಗಿ ದೋನ್ ಫೆರ್ಮಿನ್ ಮುಂದಿಟ್ಟಳು. ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. ಒಟ್ಟು ಹತ್ತೊಂಬತ್ತು ಸಾಲು. ಕೊನೆಯ ಎರಡು, ಕಾರ್ಬನ್ ಜಾರಿ, ಓದಲಾಗದಷ್ಟು ಮಸುಕಾಗಿದ್ದವು. ಅವು ಯಾವುವು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಆಮೇಲೆ ಹುಡುಕಿಕೊಂಡು ಹೋಗುವುದು ಅವಳಿಗೇ ಅಪಾಯವಾಗಿತ್ತು.

ಆ ಶನಿವಾರ ರೇಸ್ ಮೈದಾನದಲ್ಲಿ 'ಲಗಾಮು' ಬಿಡಿಸಿದವರಿಗೆ ನಡುಪುಟದಲ್ಲಿ ಕುದುರೆಗಳ ಬದಲು ಹದಿನೇಳು ವಿಳಾಸಗಳು ಕಂಡವು. ಮೇಲೆ ಒಂದೇ ಸಾಲು: ನಿಮ್ಮವರು ಕಾಣೆಯಾಗಿದ್ದರೆ ಈ ಮನೆಗಳ ಬಾಗಿಲು ತಟ್ಟಿ. ಜನ ಬಾಜಿ ಚೀಟಿ ಬಿಟ್ಟು ಅಲ್ಲೇ ನಿಂತು ಓದಿದರು. ಪೊಲೀಸರು ಅಚ್ಚುಕೂಟದ ಬೀಗ ಒಡೆಯುವ ಹೊತ್ತಿಗೆ ದೋನ್ ಫೆರ್ಮಿನ್ ಒಂದು ಟವಲು, ಒಂದು ಬುರುಡೆ ಹಿಡಿದುಕೊಂಡು ಮೆಕ್ಸಿಕೋದ ರಾಯಭಾರ ಕಚೇರಿಯೊಳಗೆ ಕೂತಿದ್ದರು.

ಸರ್ಕಾರಕ್ಕೆ ತಲೆನೋವು ಶುರುವಾಯಿತು. ಮೆಕ್ಸಿಕೋ ಸೇರಿ ನಮ್ಮ ಕಡೆಯ ದೇಶಗಳಲ್ಲಿ ಹಳೆಯ ಒಪ್ಪಂದವೊಂದಿದೆ. ರಾಜಕೀಯ ಕಾರಣಕ್ಕೆ ಓಡಿಬಂದವನಿಗೆ ರಾಯಭಾರ ಕಚೇರಿ ಆಶ್ರಯ ಕೊಡಬಹುದು, ಕಳ್ಳನಿಗೆ ಕೊಡುವಂತಿಲ್ಲ. ಅದಕ್ಕೇ ಸರ್ಕಾರ ದೋನ್ ಫೆರ್ಮಿನ್‌ರನ್ನು ಕಳ್ಳ ಎಂದಿತು. ಬಂದರಿನ ಹತ್ತಿರದ ಸಚಿವಾಲಯದ ಕಚೇರಿಗೆ ಕನ್ನ ಹಾಕಿ ಬೀರು ಒಡೆದಿದ್ದಾನೆ, ಒಪ್ಪಿಸಿ ಎಂದಿತು. ಅತ್ತ ಸಚಿವಾಲಯದಲ್ಲಿ ನಾಲ್ಕೂ ಟೈಪಿಸ್ಟರನ್ನು ದಿನವಿಡೀ ನಿಲ್ಲಿಸಿ ವಿಚಾರಣೆ. ಗ್ರಾಸಿಯೆಲಾ ಎಂಬ ಬಸುರಿ ಹುಡುಗಿ ಎರಡನೆಯ ದಿನ ಕುಸಿದು ಬಿದ್ದಳು. ಮೂರನೆಯ ದಿನ ವಿಚಾರಣೆ ಇದ್ದಕ್ಕಿದ್ದಂತೆ ನಿಂತಿತು. ಯಾಕೆಂದರೆ ದೋನ್ ಫೆರ್ಮಿನ್ ಒಳಗಿನಿಂದ ಸಹಿ ಹಾಕಿದ ಹೇಳಿಕೆ ಕಳಿಸಿದ್ದರು: ಹೌದು, ಬೀರು ಒಡೆದು ಕದ್ದವನು ನಾನೇ, ಇನ್ಯಾರಿಗೂ ಇದರ ಗಂಧಗಾಳಿ ಇಲ್ಲ.

ಆ ಹೇಳಿಕೆ ರೇಡಿಯೊದಲ್ಲಿ ಬಂದಾಗ ನಿದಿಯಾಗೆ ಮೊದಲು ಆದದ್ದು ನೆಮ್ಮದಿ. ಆ ನೆಮ್ಮದಿಗಾಗಿ ಅವಳು ಎಷ್ಟೋ ವರ್ಷ ನಾಚಿಕೊಂಡಳು. ಆರು ವಾರ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋದಳು. ರಾಯಭಾರಿಗೆ ಅವರನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತಿದೆ, ಕಳ್ಳ ಎಂದು ತಾನೇ ಒಪ್ಪಿಕೊಂಡವನಿಗೆ ಆಶ್ರಯ ಹೇಗೆ ಎಂದು ಅವರ ದೇಶದಲ್ಲೇ ಕೇಳುತ್ತಿದ್ದಾರೆ ಎಂಬ ಮಾತು ಕಚೇರಿಯ ಪಡಸಾಲೆಯಲ್ಲಿ ಅವಳ ಕಿವಿಗೆ ಬಿತ್ತು. ಆ ದಿನ ಮನೆಗೆ ಹೋಗಿ ತಾಯಿಗೆ ಎಲ್ಲ ಹೇಳಿಬಿಟ್ಟಳು. ತಾಯಿ ಹೆಣೆಯುತ್ತಿದ್ದ ಸ್ವೆಟರಿನಿಂದ ಕಣ್ಣೆತ್ತಲಿಲ್ಲ. ಹೆಣಿಗೆಯ ಸಾಲು ಮುಗಿಸಿ, "ನಿನ್ನಪ್ಪ ಸತ್ತಾಗ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು. ಉಣ್ಣೆ ಕೋಟು ಹಾಕ್ಕೊಂಡು ಹೋಗು, ರಾಯಭಾರ ಕಚೇರಿ ಒಳಗೆಲ್ಲ ಥಂಡಿ ಇರುತ್ತೆ," ಅಂದಳು.

ಗುರುವಾರ ವೀಸಾ ಕೇಳುವವರಿಗೆ ಬಾಗಿಲು ತೆರೆದಿರುತ್ತಿತ್ತು. ನಿದಿಯಾ ಊಟದ ಬಿಡುವಿನಲ್ಲಿ ಸಾಲಿನಲ್ಲಿ ನಿಂತಳು. ಕಾವಲಿನ ಪೊಲೀಸ್ ಅವಳ ಗುರುತಿನ ಚೀಟಿ ನೋಡಿ, ಮೆಕ್ಸಿಕೋದಲ್ಲಿ ಗಂಡು ಹುಡುಕೋಕಾ ಎಂದು ನಕ್ಕ. ಅವಳೂ ನಕ್ಕಳು. ಒಳಗೆ ಹೋದವಳು ಎಂಟು ತಿಂಗಳು ಹೊರಗೆ ಬರಲಿಲ್ಲ.

ದೋನ್ ಫೆರ್ಮಿನ್ ಅವಳನ್ನು ಕಂಡು ಕೆಂಡವಾದರು.

"ಯಾಕೆ ಬಂದೆ? ನಿನ್ನ ಹೆಸರು ಬರಬಾರ್ದು ಅಂತಾನೇ ಅಲ್ವಾ ನಾನು ಕಳ್ಳ ಆಗಿದ್ದು?"

"ಕಳ್ಳತನಕ್ಕೂ ಕೈಗುಣ ಬೇಕು ದೋನ್ ಫೆರ್ಮಿನ್. ಹಣೆ ಮೇಲಿರೋ ಕನ್ನಡಕಾನೇ ದಿನಾ ಹುಡುಕ್ತೀರಿ. ನೀವು ಬೀರು ಒಡೆದಿರಿ ಅಂದ್ರೆ ಯಾರು ನಂಬ್ತಾರೆ?"

"ಸರ್ಕಾರ ನಂಬಿದೆಯಲ್ಲ."

"ಅವರಿಗೆ ನಿಮ್ಮ ಪರಿಚಯ ಇಲ್ಲ."

ಅವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ರಾಯಭಾರಿ ದೋನ್ ಎವರಿಸ್ತೊ ಲೂನಾ, ಪಟ್ಟಿ ತಂದುಕೊಟ್ಟವಳು ತಾನೇ ಎಂಬ ಅವಳ ಹೇಳಿಕೆಯನ್ನು ತಾವೇ ಕೂತು ಬರೆದುಕೊಂಡು, ಅವಳಿಗೂ ಒಂದು ಮಂಚ ಹಾಕಿಸಿದರು.

ಅಡುಗೆಯ ಚಾಬೆಲಾ ಮೆಕ್ಸಿಕೋದವಳು. ಮಾಂಸ ಸುಟ್ಟು ಉಪ್ಪು ಉದುರಿಸಿದರೆ ಊಟವಾಯಿತು ಎನ್ನುವ ಜನ ನಾವು. ಅವಳ ಮೆಣಸಿನಕಾಯಿ ಗೊಜ್ಜಿಗೆ ಇಬ್ಬರೂ ಮೊದಲ ದಿನ ಕಣ್ಣುಮೂಗಲ್ಲಿ ನೀರು ಸುರಿಸಿದರು. "ಸರ್ಕಾರಕ್ಕೆ ಹೆದರದವರು ಮೆಣಸಿನಕಾಯಿಗೆ ಹೆದರ್ತಾರಲ್ಲಪ್ಪ," ಎಂದು ಚಾಬೆಲಾ ಆಡಿಕೊಂಡಳು. ನಿದಿಯಾಳನ್ನು ಅವಳು ಕರೆಯುತ್ತಿದ್ದುದು 'ಸಣಕಲಿ' ಎಂದು. ಮೂರನೆಯ ತಿಂಗಳಿಗೆ ಸಣಕಲಿ ಗೊಜ್ಜಿಲ್ಲದೆ ಉಣ್ಣುತ್ತಿರಲಿಲ್ಲ. ಬೆಳಿಗ್ಗೆ ದೋನ್ ಫೆರ್ಮಿನ್ ಬುರುಡೆಗೆ ಬಿಸಿನೀರು ಹಾಕುತ್ತಾ ನೆನಪಿನಿಂದಲೇ ಹಳೆಯ ರೇಸುಗಳನ್ನು ಓಡಿಸುತ್ತಿದ್ದರು. ಚಾಬೆಲಾ ಬೀನ್ಸ್ ಕಾಳುಗಳನ್ನು ಬಾಜಿ ಕಟ್ಟುತ್ತಿದ್ದಳು, ಪ್ರತಿ ಸಲ ಸೋಲುತ್ತಿದ್ದಳು. ಹತ್ತು ವರ್ಷದ ಹಿಂದೆ ಗೆದ್ದ ಕುದುರೆ ಯಾವುದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಭಾನುವಾರ ಎದುರಿನ ಬಸ್ ನಿಲ್ದಾಣಕ್ಕೆ ತಾಯಿ ಬರುತ್ತಿದ್ದಳು. ರಾಯಭಾರ ಕಚೇರಿಯ ಮುಂದೆ ನಿಲ್ಲಬಾರದೆಂದು ಆಜ್ಞೆಯಿತ್ತು, ಬಸ್ಸಿಗೆ ಕಾಯಬಾರದೆಂದು ಇರಲಿಲ್ಲ. ಹೆಣಿಗೆ ಹಿಡಿದುಕೊಂಡು ಐದಾರು ಬಸ್ಸುಗಳನ್ನು ಬಿಡುತ್ತಿದ್ದಳು. ನಿದಿಯಾ ಮಹಡಿಯ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಕೈ ಬೀಸುವಂತಿರಲಿಲ್ಲ. ಹೆಣಿಗೆ ಎಷ್ಟು ಉದ್ದವಾಯಿತು ಎಂದು ತಾಯಿ ಎತ್ತಿ ಹಿಡಿದು ನೋಡಿಕೊಳ್ಳುವಳು. ಅದು ಮಗಳಿಗೆ ತೋರಿಸುವುದಕ್ಕೆ.

ಕೊನೆಗೆ ಸರ್ಕಾರ ಬೇಸತ್ತು ದೇಶ ಬಿಡುವ ಪರವಾನಗಿ ಕೊಟ್ಟಿತು. ಹಾಗೆಂದು ಹಟ ಬಿಡಲಿಲ್ಲ. ಅವರು ಮೆಕ್ಸಿಕೋ ನಗರದಲ್ಲಿ ಇಳಿದು ಎರಡು ತಿಂಗಳಾಗಿರಲಿಲ್ಲ, ದೋನ್ ಫೆರ್ಮಿನ್‌ರನ್ನು ಕಳ್ಳತನದ ಆರೋಪಿಯಾಗಿ ಒಪ್ಪಿಸಬೇಕೆಂದು ಅಲ್ಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಕದ್ದದ್ದು ಇದರ ಪ್ರತಿಯನ್ನೇ ಎಂದು ಮೂಲ ಪಟ್ಟಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ನ್ಯಾಯಾಧೀಶರ ಕಣ್ಣಿಗೆ ಮಾತ್ರ ಎಂದು ಕೊಟ್ಟಿತು.

ನಿದಿಯಾ ಸಾಕ್ಷಿ ಹೇಳಿದಳು. ಸರ್ಕಾರದ ವಕೀಲ ಅದನ್ನು ಸಲೀಸಾಗಿ ತಳ್ಳಿಹಾಕಿದ. ಈಕೆ ಆರೋಪಿಯ ಸತ್ತ ಕೆಲಸಗಾರನ ಮಗಳು, ಅವನ ಅನ್ನದ ಋಣಕ್ಕೆ ಸುಳ್ಳು ಹೇಳುತ್ತಿದ್ದಾಳೆ, ವಿಳಾಸಗಳನ್ನು ಪತ್ರಿಕೆ ನೋಡಿ ಬಾಯಿಪಾಠ ಮಾಡಿದ್ದಾಳೆ ಎಂದ. ಆಗ ಮುದುಕ ನ್ಯಾಯಾಧೀಶ ಅರಿಯಾಗಾ ಒಂದು ಟೈಪ್‌ರೈಟರ್ ತರಿಸಿದರು.

"ಎರಡು ವರ್ಷ ಟೈಪ್ ಮಾಡಿದೆ ಅಂದ್ಯಲ್ಲ ತಾಯಿ, ಈಗ್ಲೂ ಮಾಡು ನೋಡೋಣ."

ನಿದಿಯಾ ಕೂತಳು. ಕಾಗದ ಸಿಕ್ಕಿಸಿ ಮೊದಲ ಸಾಲನ್ನು ಹುಡುಕಿ ಹುಡುಕಿ ಹೊಡೆದಳು. ಆಮೇಲೆ ಬೆರಳುಗಳು ತಾವಾಗಿಯೇ ಹೊರಟವು. ಹದಿನೇಳಾದ ಮೇಲೂ ಅವು ನಿಲ್ಲಲಿಲ್ಲ. ಹದಿನೆಂಟು, ಹತ್ತೊಂಬತ್ತು. ನ್ಯಾಯಾಧೀಶರು ಲಕೋಟೆಯ ಮೊಹರು ಒಡೆದು ಎರಡೂ ಹಾಳೆ ಪಕ್ಕಪಕ್ಕ ಹಿಡಿದರು.

"ಪತ್ರಿಕೆಯಲ್ಲಿ ಹದಿನೇಳಿವೆ," ಅಂದರು ವಕೀಲನಿಗೆ. "ನೀವು ಕೊಟ್ಟಿದ್ದರಲ್ಲಿ ಹತ್ತೊಂಬತ್ತು. ಈಕೆ ಬರೆದಿದ್ದೂ ಹತ್ತೊಂಬತ್ತು, ಮನೆ ನಂಬರಿನ ಸಮೇತ. ಇದನ್ನ ಯಾವ ಪತ್ರಿಕೆ ನೋಡಿ ಬಾಯಿಪಾಠ ಮಾಡಿದ್ಲು ಅಂತೀರಿ?"

ಒಳಗಿನವಳೇ ತೆಗೆದುಕೊಟ್ಟದ್ದು ಕನ್ನವಲ್ಲ, ಸರ್ಕಾರದ ಗುಟ್ಟನ್ನು ಜನರಿಗೆ ತಿಳಿಸಿದ್ದು ರಾಜಕೀಯ ಅಪರಾಧ, ಅದಕ್ಕೆ ಯಾರನ್ನೂ ಒಪ್ಪಿಸುವ ಪದ್ಧತಿ ಇಲ್ಲ ಎಂದು ತೀರ್ಪಾಯಿತು. ನಿದಿಯಾಳನ್ನು ಒಪ್ಪಿಸಿ ಎಂದು ಸರ್ಕಾರ ಮತ್ತೆ ಕೇಳಲಿಲ್ಲ. ಕೇಳಿದರೆ ಪಟ್ಟಿ ನಿಜವೆಂದು ಇನ್ನೊಮ್ಮೆ ಒಪ್ಪಿಕೊಂಡಂತಾಗುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಎಲ್ಲರೂ ಅಪ್ಪಿಕೊಂಡರು. ದೋನ್ ಫೆರ್ಮಿನ್ ಮಾತ್ರ ಕನ್ನಡಕ ಒರೆಸುತ್ತಾ ಒಂದು ಮೆಟ್ಟಿಲು ಕೆಳಗೇ ನಿಂತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವರು ಹೇಳಿದರು: "ಆ ಎರಡು ಮನೆಯಲ್ಲಿ ಇದ್ದೋರಿಗೆ ನನ್ನ ಪತ್ರಿಕೆಯಿಂದ ಏನೂ ಆಗ್ಲಿಲ್ಲ ಕಣೇ. ನನ್ನನ್ನ ಉಳಿಸಿದ್ದು ಮಾತ್ರ ಅವರೇ." ನಿದಿಯಾ ಅವರ ತಟ್ಟೆಗೆ ಅನ್ನ ಬಡಿಸಿದಳು. ಮಸುಕಾದ ಕಾರ್ಬನ್ ಅವಳು ಇಟ್ಟದ್ದಲ್ಲವೇ? ಆ ಮಾತನ್ನು ಅವರು ಎಂದೂ ಆಡಲಿಲ್ಲ.

ಮೆಕ್ಸಿಕೋದಲ್ಲಿ ಅವರು ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿ ಇಟ್ಟರು. ನಿದಿಯಾ ಕರಡು ತಿದ್ದಿದಳು. ಎಂಬತ್ತೊಂದರಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದದ್ದು ಮಣ್ಣಾಗಿ ಹನ್ನೆರಡು ದಿನಕ್ಕೆ. ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ದೋನ್ ಫೆರ್ಮಿನ್ ತೀರಿಹೋದರು. ಅದಾಗಿ ಒಂದೇ ವರ್ಷಕ್ಕೆ ಸೈನಿಕರು ಬ್ಯಾರಕ್ಕಿಗೆ ಮರಳಿದರು. ನಿದಿಯಾ ಊರಿಗೆ ಬಂದು, ಕಾಣೆಯಾದವರ ವಿಚಾರಣೆಗೆ ಕೂತಿದ್ದವರ ಮುಂದೆ ಹತ್ತೊಂಬತ್ತೂ ಸಾಲುಗಳನ್ನು ಹೇಳಿದಳು. ಹದಿನೆಂಟನೆಯ ಮನೆಯಲ್ಲಿ ಐದು ತಿಂಗಳು ಇದ್ದ ಹೆಂಗಸೊಬ್ಬಳು ಅಂದು ಪಡಸಾಲೆಯಲ್ಲಿ ಬಂದು ಅವಳ ಕೈ ಹಿಡಿದುಕೊಂಡಳು. ಆ ವಿಳಾಸ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು, ಇಷ್ಟು ದಿನ ನನಗೇ ಹುಚ್ಚು ಅನ್ನುತ್ತಿದ್ದರು ಎಂದಳು. ನಿದಿಯಾ ಆ ಎರಡು ಸಾಲಿನ ಕಥೆಯನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದಳು. ಹೆಂಗಸು ಕೇಳಿ ತಲೆಯಾಡಿಸಿದಳು. ಮುದುಕ ಉಳಿದನಲ್ಲ, ಸಾಕು ಬಿಡಿ ಎಂದಳು.

ಈಗ ನಿದಿಯಾಗೆ ಎಪ್ಪತ್ತಾರು. ಹಳೆಯ ಶಾಲೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತಳಾಗಿ, ಕಡಲಿಗೆ ಎದುರಾದ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಹೊರಗೆ ಕಾಲಿಟ್ಟರೆ ಹಿಡಿದೊಯ್ಯುತ್ತಿದ್ದ ಆ ಎಂಟು ತಿಂಗಳು ಹೇಗೆ ಕಳೆದಿರಿ ಎಂದು ಯಾರಾದರೂ ಮರುಕದಿಂದ ಕೇಳುತ್ತಾರೆ. ಬಾಳಿನಲ್ಲಿ ಅಷ್ಟು ನಕ್ಕದ್ದು ಇನ್ನೆಂದೂ ಇಲ್ಲ ಎಂದರೆ ಅವರು ನಂಬುವುದಿಲ್ಲ. ನಂಬಿಸಲು ಅವಳೂ ಹೋಗುವುದಿಲ್ಲ. ಬಂದವರನ್ನು ಕೂರಿಸಿ, ಮೆಕ್ಸಿಕೋದಿಂದ ತಂದ ಬೀಜದಿಂದ ಕುಂಡದಲ್ಲಿ ಬೆಳೆದ ಮೆಣಸಿನಕಾಯಿ ಅರೆದು, ಬ್ರೆಡ್ಡಿನ ಮೇಲೆ ಸವರಿ ಕೊಡುತ್ತಾಳೆ. ಮೊಂಟೆವಿಡಿಯೊದ ಜನ ಒಂದು ತುತ್ತಿಗೇ ಕೆಂಪಗಾಗಿ ನೀರು ನೀರು ಎನ್ನುವಾಗ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.