ಸೀದ ಎಣ್ಣೆ

ಲಾರಿ ಡ್ರೈವರ್ ಗೊಲ್ಲಪ್ಪನ ಎಡಗಾಲು ಹಿರಿಯೂರಿನ ಬಳಿ ಅಪಘಾತದಲ್ಲಿ ಹೋಯಿತು. ಚಿತ್ರದುರ್ಗದ ಆಸ್ಪತ್ರೆಗೆ ನೋಡಲು ಬಂದವರೆಲ್ಲ ಜೀವ ಉಳಿಯಿತಲ್ಲ ಎಂದು ಸಮಾಧಾನ ಹೇಳಿದರು. ಮಂಚದ ಮೇಲೆ ಮಲಗಿದ್ದ ಗೊಲ್ಲಪ್ಪನ ಲೆಕ್ಕ ಬೇರೆ ಇತ್ತು. ಬ್ರೇಕು ಉಳಿಯಿತು, ಆಕ್ಸಿಲೇಟರು ಉಳಿಯಿತು, ಎಡಗಾಲು ತುಳಿಯುವ ಕ್ಲಚ್ಚು ಹೋಯಿತು. ಕ್ಲಚ್ಚು ಹೋದ ಡ್ರೈವರನನ್ನು ಸರ್ಕಾರ ಅಂಗವಿಕಲ ಎನ್ನುತ್ತದೆ. ಅಂದ ಮೇಲೆ ಒಂದು ಎಸ್‌ಟಿಡಿ ಬೂತು ಕೊಡುತ್ತದೆ.

ಹೊಳಲ್ಕೆರೆಯ ಅಂಚಿನಲ್ಲಿದ್ದ ಅವನ ಮನೆಯ ಮುಂದೆ ಆ ಹಳದಿ ಗೂಡು ಬಂದು ಕೂತಿತು. ಒಳಗೆ ಕಾಲು ಚಾಚಲು ಜಾಗವಿರಲಿಲ್ಲ. ಇರುವ ಒಂದು ಕಾಲಿಗೆ ಎಷ್ಟು ಜಾಗ ಬೇಕು ಎಂದು ಮಾಡಿದವರು ಯೋಚಿಸಿರಬೇಕು. ವರ್ಷಗಟ್ಟಲೆ ಅದರೊಳಗೆ ಕೂತು ಊರವರ ಸಾವಿನ ಸುದ್ದಿ, ಸಂಬಂಧದ ಮಾತು, ಸೊಸೆಯಂದಿರ ಮೇಲಿನ ದೂರು ಎಲ್ಲವನ್ನೂ ಗೊಲ್ಲಪ್ಪ ಕೇಳಿಸಿಕೊಂಡ. ಹೆದ್ದಾರಿಯ ಮೇಲೆ ಹಗಲು ರಾತ್ರಿ ಒಬ್ಬನೇ ಇದ್ದು ರೂಢಿಯಾದವನಿಗೆ ಅಷ್ಟು ಸಂಸಾರ ಹೆಚ್ಚೇ ಆಯಿತು. ನಿದ್ದೆಯಲ್ಲಿ ಅವನ ಮೊಂಡುತೊಡೆ ಒತ್ತಿ ಒತ್ತಿ ಬಿಡುತ್ತಿತ್ತು. ಹೆಂಡತಿ ತಿಪ್ಪಮ್ಮ ಎಬ್ಬಿಸುತ್ತಿರಲಿಲ್ಲ. ಗೇರು ಹಾಕ್ತಾ ಇದಾನೆ, ಹಾಕಿಕೊಳ್ಳಲಿ ಎಂದು ಸುಮ್ಮನಾಗುತ್ತಿದ್ದಳು.

ಮೊಬೈಲು ಬಂದು ಬೂತು ಬಡವಾದ ಹೊತ್ತಿಗೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಪರದೇಶದ ಕಂಪನಿಯೊಂದು ಕೆಲಸ ಮುಗಿಸಿ ಹೊರಟಿತು. ಹೋಗುವಾಗ ಒಂದು ಪಿಕಪ್ಪನ್ನು ಮಾರಿಹೋಯಿತು. ಮೂರು ಲಕ್ಷ ಕಿಲೋಮೀಟರು ಓಡಿದ್ದ, ಬಿಡಿಭಾಗ ಬೆಂಗಳೂರಿನಲ್ಲೂ ಸಿಗದ ಆ ಗಾಡಿಯನ್ನು ಬುದ್ಧಿ ಇದ್ದವರು ಯಾರೂ ಮುಟ್ಟಲಿಲ್ಲ. ಆದರೆ ಆ ಗಾಡಿಗೆ ಕ್ಲಚ್ಚಿರಲಿಲ್ಲ. ಗೇರು ತಾನಾಗಿಯೇ ಬೀಳುತ್ತಿತ್ತು. ಸೀಟಿನ ಮೇಲೆ ಹತ್ತಿ ಕೂತ ಗೊಲ್ಲಪ್ಪನನ್ನು ಇಳಿಸುವುದು ಆಮೇಲೆ ಯಾರಿಂದಲೂ ಆಗಲಿಲ್ಲ. ಬೂತನ್ನು ಹಿತ್ತಲಿಗೆ ಎಳೆದು ಹಾಕಿದರು.

ಶಾಮಿಯಾನ ಅಂಗಡಿಯ ಹಾಲಸ್ವಾಮಿ ತನ್ನ ಕುರ್ಚಿ, ಪಾತ್ರೆ, ಕಂಬಗಳನ್ನು ಸಾಗಿಸುವ ಕೆಲಸ ಕೊಟ್ಟರು. ಮದುವೆಗೂ ಅದೇ ಕುರ್ಚಿ, ತಿಥಿಗೂ ಅದೇ ಕುರ್ಚಿ. ರಾಮಗಿರಿ, ಹೊಸದುರ್ಗ, ಭರಮಸಾಗರ, ಎಲ್ಲಿ ಯಾರು ಸತ್ತರೂ ಯಾರು ಸೇರಿದರೂ ಗೊಲ್ಲಪ್ಪ ಮೊದಲು ಅಲ್ಲಿರುತ್ತಿದ್ದ. ಆ ನಾಲ್ಕು ವರ್ಷ ಅವನ ಮೊಂಡುತೊಡೆ ರಾತ್ರಿ ಅಲ್ಲಾಡಲಿಲ್ಲ.

ಶ್ರಾವಣದ ಒಂದು ದಿನ, ಕುರ್ಚಿ ಹೇರಿಕೊಂಡು ಹೊರಕೆರೆದೇವಪುರದ ಕಡೆ ಏರು ಹತ್ತುವಾಗ, ಇಂಜಿನ್ನು ಅಬ್ಬರಿಸಿತು. ಗಾಡಿ ಮಾತ್ರ ತನಗೆ ಹೇಳಿದ್ದಲ್ಲವೆಂಬಂತೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಹೊರಟಿತು. ಮಾರನೆಯ ದಿನ ಹೊಸದುರ್ಗ ರಸ್ತೆಯ ಶೆಡ್ಡಿನಲ್ಲಿ ಮೆಕ್ಯಾನಿಕ್ ದಾಸಣ್ಣ ಗೇರಿನ ಆಯಿಲ್ ಕಡ್ಡಿ ಎಳೆದು ಮೂಗಿಗೆ ಹಿಡಿದ. ಗೊಲ್ಲಪ್ಪ ಕ್ಲೀನರ್ ಆಗಿದ್ದ ಕಾಲದಿಂದಲೂ ಇಬ್ಬರಿಗೂ ಸಲಿಗೆ.

"ನೋಡಲೇ ಗೊಲ್ಲ. ತಳ ಹತ್ತಿದ ಅನ್ನದ ವಾಸ್ನೆ."

"ಕೆಂಪಗಿರಬೇಕಾಗಿತ್ತು, ಅಲ್ಲೇನು?"

"ಹುಟ್ಟಿದಾಗ ಕೆಂಪಗಿತ್ತು. ಈಗ ನಿನ್ನಂಗಾಗೈತೆ."

"ಹಂಗಾದ್ರೆ ಬದಲಾಯಿಸು."

ದಾಸಣ್ಣ ಕೈ ಒರೆಸಿಕೊಂಡ. "ನಾನು ಲಾರಿ ಬಿಚ್ಚೋನು. ಇದರ ಹೊಟ್ಟೆನಾಗೆ ಏನೈತೋ ನಂಗೊತ್ತಿಲ್ಲ. ನಿನ್ನೆ ನೀನು ಫೋನಾಗೆ ಹೇಳಿದ ಮ್ಯಾಲೆ ಬೆಂಗಳೂರಾಗೆ ಒಬ್ಬ ಮೇಸ್ತ್ರಿನ ಕೇಳ್ದೆ. ಒಳಗೆ ಗೇರು ಹಿಡಿಯೋ ಪಟ್ಟಿ ಎಲ್ಲ ಸವೆದಿರ್ತಾವಂತೆ. ಸವೆದ ಪುಡಿ ಎಣ್ಣೆನಾಗೇ ತೇಲ್ತಿರ್ತೈತೆ. ಆ ಪುಡಿ ಹಿಡ್ಕಂಡಿರಾದಕ್ಕೇ ಗಾಡಿ ಹೋಗ್ತಿರಾದು. ಹೊಸ ಎಣ್ಣೆ ಬಿದ್ರೆ ಜಾರಿಬಿಡ್ತೈತೆ, ಮುಟ್ಟಬ್ಯಾಡ ಅಂದ."

"ಅಂದ್ರೆ ಕೊಳೆನೇ ಗಾಡಿ ಓಡಿಸ್ತೈತೆ ಅನ್ನು."

"ದೇಶಾನೇ ಓಡಿಸ್ತೈತೆ, ಗಾಡಿ ಯಾವ ಲೆಕ್ಕ. ಅರ್ಧ ಲೋಡು ಹೇರು, ಮೆಲ್ಲಕೆ ಹೋಗು. ಎಷ್ಟು ದಿನ ಬರ್ತೈತೋ ಬರ್ಲಿ."

ಅರ್ಧ ಲೋಡು ಹೇರಿ ಗೊಲ್ಲಪ್ಪ ಮೆಲ್ಲಗೇ ಓಡಿಸಿದ. ಏರು ಬಂದಾಗ ಉಸಿರು ಹಿಡಿಯುತ್ತಿದ್ದ, ಅದರಿಂದ ಭಾರ ಕಡಿಮೆಯಾಗುತ್ತದೇನೋ ಎಂಬಂತೆ. ಹೀಗೆಯೇ ಇನ್ನೊಂದು ವರ್ಷ ನಡೆಯುತ್ತಿತ್ತೋ ಏನೋ. ಆದರೆ ಆಯುಧಪೂಜೆ ಬಂತು.

ಗೊಲ್ಲಪ್ಪನಿಗೆ ಡ್ರೈವಿಂಗ್ ಕಲಿಸಿದವರು ಗೋವಿಂದಯ್ಯ ಎಂಬ ಮುದಿ ಡ್ರೈವರು. ದೇವರ ವಿಷಯದಲ್ಲಿ ಅವರಿಗೆ ಎರಡೇ ಕಟ್ಟಳೆ. ಕೊಳೆ ಎಣ್ಣೆ ಹೊಟ್ಟೆಯಲ್ಲಿಟ್ಟು ಮೇಲೆ ಕುಂಕುಮ ಬಳಿಯಬಾರದು. ಎಣ್ಣೆ ಬದಲಿಸಿದ ಗಾಡಿಯನ್ನು ಪೂಜೆಗೆ ಮುಂಚೆ ಕದಲಿಸಬಾರದು. ಅವರು ಸತ್ತು ಎಷ್ಟೋ ಕಾಲವಾಗಿತ್ತು. ಸತ್ತವರ ಮಾತನ್ನು ಮೀರುವುದು ಬದುಕಿದ್ದವರ ಮಾತು ಮೀರಿದಷ್ಟು ಸುಲಭವಲ್ಲ.

ಹಬ್ಬದ ಬೆಳಿಗ್ಗೆ ಅವನು ದುರ್ಗದಿಂದ ತರಿಸಿದ್ದ ಕೆಂಪು ಎಣ್ಣೆಯ ಡಬ್ಬಿಗಳೊಂದಿಗೆ ಶೆಡ್ಡಿಗೆ ಬಂದ.

"ನಾನು ಮುಟ್ಟಾದಿಲ್ಲ," ಎಂದ ದಾಸಣ್ಣ.

"ಸೀದ ಎಣ್ಣೆ ಇಟ್ಕಂಡು ಹೆಂಗಲೇ ಮಂಗಳಾರತಿ ಎತ್ತಾದು? ಸ್ಪ್ಯಾನರ್ ಕೊಡು, ನಾನೇ ಬಿಚ್ತೀನಿ."

"ಇದು ಹೋದ್ರೆ ನಿಂಗೆ ಇನ್ನೊಂದಿಲ್ಲ. ನಾಕು ತಾಲ್ಲೂಕಿನಾಗೆ ಕ್ಲಚ್ ಇಲ್ದ ಗಾಡಿ ಇದೊಂದೇ ಐತೆ."

"ಕೊಡಲೇ."

ಗೊಲ್ಲಪ್ಪ ಮೊಂಡುತೊಡೆಗೆ ಕಟ್ಟಿದ್ದ ಮರಗಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಗೋಣಿತಾಟಿನ ಮೇಲೆ ಮಲಗಿ ಗಾಡಿಯ ಕೆಳಕ್ಕೆ ತೆವಳಿದ. ಗೇರುಪೆಟ್ಟಿಗೆಯ ತಳದ ತಟ್ಟೆ ಬಿಚ್ಚುತ್ತಿದ್ದಂತೆ ಕರಿ ಎಣ್ಣೆ ಬಾಂಡ್ಲಿಗೆ ಸುರಿಯಿತು. ತಟ್ಟೆಯಲ್ಲಿ ಬೂದು ಬಣ್ಣದ ಕೆಸರು ನುಣ್ಣಗೆ ಕೂತಿತ್ತು. ಅವನು ಅದನ್ನು ಸೀಮೆಎಣ್ಣೆ ಹಾಕಿ, ಊಟದ ತಟ್ಟೆಯನ್ನು ತೊಳೆದಂತೆ ತೊಳೆದ. ತಟ್ಟೆಯನ್ನು ಮತ್ತೆ ಕಟ್ಟಿ, ಓಕುಳಿ ನೀರಿನಂತಿದ್ದ ಹೊಸ ಎಣ್ಣೆಯನ್ನು ಮೇಲಿನಿಂದ ಹುಯ್ದ. ಇಂಜಿನ್ನು ಹಾಕಿ ಆಯಿಲ್ ಕಡ್ಡಿ ನೋಡಿದ, ಮಟ್ಟ ಸರಿಯಿತ್ತು. ಕದಲಿಸಲಿಲ್ಲ.

ಹಾಲಸ್ವಾಮಿಯವರ ಆಳು ಬಂದು ಕರಿ ಎಣ್ಣೆ ಇದೆಯೇ ಎಂದು ಕೇಳಿದ. ಹಬ್ಬದ ದಿನ ಶೆಡ್ಡುಗಳಲ್ಲಿ ಅದು ಸಿಗುತ್ತದೆಂದು ಎಲ್ಲರಿಗೂ ಗೊತ್ತು. ಕಂಬಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲ. "ಒಯ್ಯಪ್ಪ, ಪೂರ್ತಿ ಒಯ್ಯಿ," ಎಂದು ಗೊಲ್ಲಪ್ಪ ಬಾಂಡ್ಲಿಯನ್ನೇ ಎತ್ತಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಬಾಳೆಕಂದು, ಚೆಂಡುಹೂವು ಎಲ್ಲ ಏರಿ ಪಿಕಪ್ಪು ಶೆಡ್ಡಿನಲ್ಲೇ ಮದುವೆಗೆ ನಿಂತಂತೆ ಕಂಡಿತು. ತಿಪ್ಪಮ್ಮ ಆರತಿ ತಟ್ಟೆ ತಂದಳು. ಹಾಲಸ್ವಾಮಿಯವರೂ ಬಂದರು. ದಾಸಣ್ಣ ಕುಂಬಳಕಾಯಿ ಒಡೆದ. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು.

"ನಿಂಬೆಹಣ್ಣಿನ ಮೇಲೆ ಹತ್ತಿಸಪ್ಪ ಗೊಲ್ಲಪ್ಪ. ಹೊಸದುರ್ಗದ ಮದುವೆಗೆ ನಾಳೆ ಕುರ್ಚಿ ಹೋಗಬೇಕು," ಎಂದರು ಹಾಲಸ್ವಾಮಿ.

ಗೊಲ್ಲಪ್ಪ ಕೈಮುಗಿದು ಗೇರಿನ ಹಿಡಿಯನ್ನು ಮುಂದಿನ ಗುರುತಿಗೆ ತಂದು ಆಕ್ಸಿಲೇಟರು ಒತ್ತಿದ. ಇಂಜಿನ್ನು ಕೂಗಿತು. ಇನ್ನೂ ಒತ್ತಿದ. ಹೂವಿನ ಹಾರ ನಡುಗಿತು, ಹೊಗೆ ಬಂತು. ನಿಂಬೆಹಣ್ಣುಗಳು ಇದ್ದಲ್ಲೇ ಇದ್ದವು.

"ಇನ್ನೊಂದ್ಸಾರಿ," ಎಂದ ದಾಸಣ್ಣ. ಅವನಿಗೂ ನಂಬಿಕೆ ಇರಲಿಲ್ಲ. ಮೂರನೆಯ ಸಲಕ್ಕೆ ಗೊಲ್ಲಪ್ಪನ ಮೊಂಡುತೊಡೆ, ಇಲ್ಲದ ಪಾದದಿಂದ ಇಲ್ಲದ ಕ್ಲಚ್ಚನ್ನು ತುಳಿಯಿತು.

ದಾಸಣ್ಣ ಕಿಟಕಿಗೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದ. "ಹಳೇದು ಎಲ್ಲೈತೆ? ಸೋಸಿ ಅದನ್ನೇ ಹುಯ್ದು ನೋಡಾಣ."

ಗೊಲ್ಲಪ್ಪ ಹಾಲಸ್ವಾಮಿಯವರ ಕಡೆ ನೋಡಿದ.

"ಅಯ್ಯೋ, ಆಗಲೇ ಬಳಿದಾತಲ್ಲಪ್ಪ," ಎಂದರು ಅವರು. "ಕಂಬಕ್ಕೆಲ್ಲ ಆಗಿ ಮಿಕ್ಕಿದ್ದು ಕೊಟ್ಟಿಗೆ ಬಾಗಿಲಿಗೂ ಬಳಿದ್ರು. ಒಳ್ಳೆ ಹಿಡೀತು ನೋಡು."

ಗೊಲ್ಲಪ್ಪ ಗೇರಿನ ಹಿಡಿಯನ್ನು ರಿವರ್ಸಿಗೆ ಎಳೆದ, ಬೇರೇನೂ ಮಾಡಲು ತೋಚದೆ. ಗಾಡಿ ತಡವರಿಸದೆ ಹಿಂದಕ್ಕೆ ಹೊರಟಿತು.

"ರಿವರ್ಸಿಗೆ ಬ್ಯಾರೆ ಪಟ್ಟಿ ಇರ್ತಾವಂತೆ," ಎಂದ ದಾಸಣ್ಣ. "ಕಟ್ಟಿ ಎಳ್ಕಂಡು ಹೋಗಾಣ, ಇರು."

"ಹಬ್ಬದ ದಿನ ಹಗ್ಗ ಕಟ್ಟಿಸ್ಕಂಡು ಹೋಗಲೇನು?" ಎಂದ ಗೊಲ್ಲಪ್ಪ. "ಬಾರೇ ತಿಪ್ಪಿ, ಹತ್ತು."

ತಿಪ್ಪಮ್ಮ ಬಗ್ಗಿ ನಾಲ್ಕು ನಿಂಬೆಹಣ್ಣನ್ನೂ ಸೆರಗಿಗೆ ಹಾಕಿಕೊಂಡು ಹತ್ತಿದಳು.

ಹೂವು ಹೊತ್ತ ಪಿಕಪ್ಪು ಪೇಟೆಯ ನಡುವೆ ಹಿಂದುಹಿಂದಾಗಿ ಹೋಯಿತು. ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ಕಣ್ಣು ನೆಟ್ಟಿದ್ದ ಗೊಲ್ಲಪ್ಪ ಒಡೆದ ಕುಂಬಳಕಾಯಿಗಳನ್ನು ಒಂದೊಂದಾಗಿ ತಪ್ಪಿಸಿದ. ಒಂದಕ್ಕೂ ಚಕ್ರ ತಗುಲಲಿಲ್ಲ. "ಏನಣ್ಣ, ಮುಂದಕ್ಕೆ ಹೋಗಿ ಹೋಗಿ ಬ್ಯಾಸರಾತಾ?" ಎಂದು ಆಟೋದವನೊಬ್ಬ ಕೂಗಿದ. ಗೊಲ್ಲಪ್ಪನ ಮುಖ ನೋಡಿದ ಮೇಲೆ ಅವನೂ ದಾರಿ ಬಿಟ್ಟ.

ಮನೆ ಮುಂದೆ ಇಂಜಿನ್ನು ಆರಿಸಿದ. ನಾಲ್ಕು ವರ್ಷ ಮೂಗನ್ನು ಮನೆಯ ಕಡೆ ಮಾಡಿ ನಿಲ್ಲುತ್ತಿದ್ದ ಗಾಡಿ ಇವತ್ತು ರಸ್ತೆಗೆ ಮುಖ ಮಾಡಿ ನಿಂತಿತ್ತು. ನೋಡಿದವರು ಇನ್ನೇನು ಹೊರಡುತ್ತದೆ ಎನ್ನಬೇಕು, ಹಾಗೆ.

"ಇವನ್ನೇನು ಮಾಡ್ಲಿ?" ತಿಪ್ಪಮ್ಮ ಸೆರಗು ಬಿಚ್ಚಿ ತೋರಿಸಿದಳು.

ಗೊಲ್ಲಪ್ಪ ಸ್ಟೇರಿಂಗಿನಿಂದ ಕೈ ತೆಗೆದಿರಲಿಲ್ಲ. "ಬೂತಿನ ಕೀಲಿ ಎಲ್ಲೈತೆ?" ಎಂದು ಕೇಳಿದ.

"ಅದರಾಗೆ ಕೋಳಿ ಅವೆ," ಎಂದಳು ತಿಪ್ಪಮ್ಮ.

"ಹೊರಗೆ ಬಿಡು."

"ಇವತ್ತೇ?"

ತಿಪ್ಪಮ್ಮ ನಿಂಬೆಹಣ್ಣುಗಳನ್ನು ಸೀಟಿನ ಮೇಲಿಟ್ಟು, ಇಳಿದು ಹಿತ್ತಲಿಗೆ ಹೋದಳು. ಕೋಳಿಗಳು ಕೂಗಿಕೊಂಡು ಹೊರಬರುವ ಸದ್ದು ಗಾಡಿಯವರೆಗೂ ಕೇಳಿಸಿತು.