ಕೊರಿಯನ್ ಕೈ

ಓಶ್ ಊರಿನ ಪೇಟೆಯ ಸಲಾಡ್ ಸಾಲಿನಲ್ಲಿ ಜೋಯಾಳ ಅಂಗಡಿಗೆ ಎರಡು ಭಾಗ. ಮುಂದೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಕುರ್ಚಿಯ ಮೇಲೆ ಬಿಳಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಕೂತ ಜೋಯಾ. ಇನ್ನೂ ಹಿಂದೆ, ಪ್ಲೈವುಡ್ ಮರೆಯಾಚೆ, ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಮಸ್ತೂರಾ.

ಜೋಯಾ ಕೊರಿಯನ್ ಹೆಂಗಸು. ಅವಳ ಹೆತ್ತವರನ್ನು ಮಕ್ಕಳಾಗಿದ್ದಾಗಲೇ ಸರಕಾರದವರು ರೈಲಿಗೆ ತುಂಬಿ ಈ ಕಡೆ ತಂದು ಸುರಿದಿದ್ದರು. ಕೊರಿಯಾ ಹೇಗಿದೆಯೆಂದು ಅವಳು ಕಂಡವಳಲ್ಲ. ಮಸ್ತೂರಾ ಊರ ಹೊರಗಿನ ಲ್ಯುಲಿ ಜನರ ಕೇರಿಯವಳು. ಲ್ಯುಲಿ ಹೆಂಗಸೊಬ್ಬಳು ಎದುರು ಬಂದರೆ ಪೇಟೆಯ ಜನ ಕೈಚೀಲವನ್ನು ಎದೆಗೆ ಅವಚಿಕೊಳ್ಳುತ್ತಾರೆ. ಭಿಕ್ಷೆ, ಕಳ್ಳತನ, ಕೊಳೆ, ಈ ಮೂರರಲ್ಲಿ ಒಂದನ್ನಾದರೂ ಅವಳು ಹೊತ್ತುಕೊಂಡೇ ಹುಟ್ಟಿರುತ್ತಾಳೆಂದು ಎಲ್ಲರಿಗೂ ಗೊತ್ತು. ಮಸ್ತೂರಾಳ ತಾಯಿ ಸಾಯುವವರೆಗೆ ಹತ್ತಿ ಬಿಡಿಸಿದವಳು, ಒಂದು ದಿನವೂ ಯಾರ ಮುಂದೆಯೂ ಕೈ ಚಾಚಿರಲಿಲ್ಲ. ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತು ವರ್ಷಗಳಿಂದ ಆ ಅಂಗಡಿಯ ಸಲಾಡನ್ನೆಲ್ಲ ಮಾಡುತ್ತಿದ್ದವಳು ಮಸ್ತೂರಾ. ಸಂಧಿವಾತಕ್ಕೆ ಜೋಯಾಳ ಬೆರಳುಗಳು ಸೊಟ್ಟಗಾಗಿದ್ದವು. ಒಂದು ಚಳಿಗಾಲವಿಡೀ ಅವಳು ಮಸ್ತೂರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು: ಕ್ಯಾರೆಟ್ಟನ್ನು ದಾರದಂತೆ ಸೀಳಬೇಕು, ಉಪ್ಪು ಹಾಕಿ ನೀರು ಹಿಂಡಬೇಕು, ಎಣ್ಣೆ ಹೊಗೆಯಾಡುವ ಮುಂಚೆ ಸುರಿಯಬೇಕು. ಕೊತ್ತಂಬರಿ ಬೀಜವನ್ನು ಹುರಿದು ತರಿತರಿಯಾಗಿ ಕುಟ್ಟಿ ಹಾಕುವುದು ಮಾತ್ರ ಮಸ್ತೂರಾಳ ಸ್ವಂತದ್ದು. ಅದಾದ ಮೇಲೆ ಗಿರಾಕಿಗಳು ಎರಡರಷ್ಟಾದರು. "ಏನೇ ಹೇಳಿ, ಕೊರಿಯನ್ ಕೈಗೇ ಬರೋದು ಈ ರುಚಿ" ಎಂದು ಅವರು ಮುಂದೆ ಹೇಳುವುದು ಹಿಂದಿನ ಕೋಣೆಗೆ ಕೇಳುತ್ತಿತ್ತು. ಮಸ್ತೂರಾ ಅದನ್ನು ಹೊಗಳಿಕೆಯೆಂದೂ ತೆಗೆದುಕೊಳ್ಳಲಿಲ್ಲ, ಬೈಗುಳವೆಂದೂ ಅಲ್ಲ. ಪಕ್ಕದ ಮನೆಯ ರೇಡಿಯೋದಂತೆ ಅದು ಕೇಳುತ್ತಿತ್ತು, ಅಷ್ಟೆ.

ಆದರೆ ಈ ಚಳಿಗಾಲ ಜೋಯಾ ಒಂದು ಮಾತು ಕೊಟ್ಟಿದ್ದಳು.

"ನೂರುಜ್ ಹಬ್ಬ ಆದ್ಮೇಲೆ ನಾನು ಮಗನ ಮನೆಗೆ ಹೋಗ್ಬಿಡ್ತೀನಿ. ಮೊಮ್ಮಗಳು ವೀಕಾಗೆ ಈ ಅಂಗಡಿ ಬೇಡ, ಅವಳಿಗೆ ವೈರು ಸ್ಕ್ರೂ ಅಂದ್ರೆ ಪ್ರಾಣ. ಈ ಕುರ್ಚೀಲಿ ನೀನೇ ಕೂತ್ಕೊ."

"ನಾನಾ? ಮುಂದೆ?"

"ಮತ್ತೆ ಕುರ್ಚಿ ಹಿಂದಿಟ್ಕೊಂಡು ವ್ಯಾಪಾರ ಮಾಡ್ತೀಯಾ?"

ಅಂದಿನಿಂದ ಪೇಟೆ ತೆರೆಯುವ ಮುಂಚೆ ಮಸ್ತೂರಾ ಒಂದು ನಿಮಿಷ ಆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಗಾಜಿನಾಚೆ ಖಾಲಿ ಓಣಿ. ಬರುವವರ ಮುಖ ಹೇಗಿರಬಹುದು ಎಂದು ಯೋಚಿಸುತ್ತಿದ್ದಳು. ಮೊದಲ ತಿಂಗಳು ಕಷ್ಟ. ಆಮೇಲೆ ನಾಲಿಗೆ ಗೆಲ್ಲುತ್ತದೆ, ನಾಲಿಗೆಗೆ ಕಣ್ಣಿಲ್ಲವಲ್ಲ, ಎಂದುಕೊಳ್ಳುತ್ತಿದ್ದಳು.

ಹಬ್ಬಕ್ಕೆ ಹತ್ತು ದಿನ ಇರುವಾಗ ಬುರುಲ್ ಟೀಚರ್ ಬಂದರು. ಗಂಡನ ಅರವತ್ತರ ಔತಣಕ್ಕೆ ಇಪ್ಪತ್ತು ಕಿಲೋ ಕ್ಯಾರೆಟ್ ಸಲಾಡ್ ಬೇಕಿತ್ತು. "ಅಷ್ಟೊಂದು ಮಾಡೋಕೆ ಪಾತ್ರೆ ಇದ್ಯಾ ನಿಮ್ಹತ್ರ?" ಎನ್ನುತ್ತಾ, ಜೋಯಾ ಏಳುವ ಮೊದಲೇ ಪ್ಲೈವುಡ್ ಬಾಗಿಲು ದೂಡಿ ಒಳಗೆ ತಲೆ ಹಾಕಿದರು.

ಮಸ್ತೂರಾ ನೆಲದ ಮೇಲೆ ದೊಡ್ಡ ಬೋಗುಣಿಯ ಮುಂದೆ ಕೂತಿದ್ದಳು. ಎರಡೂ ಕೈ ಮೊಣಕೈವರೆಗೆ ಕ್ಯಾರೆಟ್ಟಿನೊಳಗಿದ್ದವು.

ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು. ಮಸ್ತೂರಾಳ ಮಗಳು ಮೆಹ್ರಿ ಆ ಟೀಚರ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು.

"ಅಯ್ಯೋ ದೇವರೇ! ಇವಳು ಆ ಲ್ಯುಲಿ ಹುಡುಗಿ ತಾಯಿ ಅಲ್ವಾ?"

ಟೀಚರ ದನಿ ತರಗತಿಯ ದನಿ. ಇಡೀ ಸಾಲು ತಿರುಗಿ ನೋಡಿತು. ಎದುರಿಗೆ ಒಣಮೊಸರಿನ ಉಂಡೆ ಮಾರುವ ಮುದುಕ ತೊಪ್ಚುಬೈ ಕೂಗಿದ: "ಏನಾಯ್ತು ಟೀಚರಮ್ಮ, ಇಲಿ ಕಂಡ್ರಾ?"

"ಇಲಿ ಕಂಡಿದ್ರೆ ವಾಸಿಯಾಗಿತ್ತು, ತೊಪ್ಚುಬೈ ಅಣ್ಣ! ನಾವು ತಿಂತಿದ್ದದ್ದು ಲ್ಯುಲಿ ಕಲಸಿದ್ದು!"

ಜನ ಸೇರಿದರು. ಒಬ್ಬಳು ತನ್ನ ಕೈಲಿದ್ದ ಪೊಟ್ಟಣವನ್ನು ಗಾಜಿನ ಮೇಲೆ ಇಟ್ಟುಬಿಟ್ಟಳು.

"ಹೋದ ವಾರ ನನ್ನ ಮೊಮ್ಮಗನಿಗೆ ಹೊಟ್ಟೆ ಕೆಟ್ಟಿತ್ತು. ಈಗ ಗೊತ್ತಾಯ್ತು ಯಾಕೆ ಅಂತ."

"ಮೂರು ಐಸ್‌ಕ್ರೀಂ ತಿಂದ ಅಂತ ನೀನೇ ಹೇಳಿದ್ಯಲ್ಲಮ್ಮ" ಎಂದ ತೊಪ್ಚುಬೈ.

"ನೀವು ಸುಮ್ನಿರಿ. ನಿಮ್ಮ ಉಂಡೆ ಯಾರು ಮಾಡ್ತಾರೋ ಮೊದ್ಲು ಅದು ಹೇಳಿ."

ಮುದುಕ ತನ್ನ ಉಂಡೆಗಳ ಮೇಲೆ ಬಟ್ಟೆ ಎಳೆದ.

ಎಲ್ಲರೂ ಜೋಯಾಳನ್ನು ನೋಡುತ್ತಿದ್ದರು. ಜೋಯಾ ಬಾಗಿಲ ಬಳಿ ನಿಂತು ಮಸ್ತೂರಾಳನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಕ್ಷಮೆ ಕೇಳುವಂಥದ್ದೇನೋ ಮೊದಲೇ ಬಂದು ಕೂತಿತ್ತು. ಅವಳು ಬಾಯಿ ತೆರೆಯುವ ಮುಂಚೆಯೇ ಮಸ್ತೂರಾಗೆ ಎಲ್ಲ ತಿಳಿದುಹೋಯಿತು.

"ಅವಳು ಬಕೆಟ್ ತೊಳೆಯೋಳು. ಅಷ್ಟೇ" ಎಂದಳು ಜೋಯಾ.

ಮಸ್ತೂರಾಳ ಕೈ ಇನ್ನೂ ಬೋಗುಣಿಯಲ್ಲೇ ಇತ್ತು. ಅದನ್ನು ಎಲ್ಲರೂ ಕಂಡರು. ಕಂಡೂ ಜೋಯಾಳ ಮಾತನ್ನೇ ನಂಬಿದರು. ಒಂಬತ್ತು ವರ್ಷ ಚಪ್ಪರಿಸಿ ತಿಂದ ತಮ್ಮ ಬಾಯಿಯನ್ನು ಅನುಮಾನಿಸುವುದಕ್ಕಿಂತ ಅದು ಸುಲಭವಿತ್ತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳು ಕೈ ಹೊರಗೆ ತೆಗೆದು, ಒರೆಸಿಕೊಂಡು, ಮೂಲೆಯಲ್ಲಿದ್ದ ಬಕೆಟ್ಟನ್ನು ಎಳೆದುಕೊಂಡು ತೊಳೆಯತೊಡಗಿದಳು. ಬೆಳಗ್ಗೆಯೇ ತೊಳೆದಿಟ್ಟ ಬಕೆಟ್ ಅದು.

"ಹಾಗಾದ್ರೆ ಮಾಡೋರು ಯಾರು? ನಿಮ್ಮ ಕೈ ಮಡಿಸೋಕೇ ಬರಲ್ವಲ್ಲ ಅಕ್ಕ" ಎಂದರು ಟೀಚರ್.

"ನನ್ನ ಮೊಮ್ಮಗಳು."

ಹತ್ತೊಂಬತ್ತರ ವೀಕಾ ಅಂಗಡಿಯ ಮೂಲೆಯಲ್ಲಿ ಕೆಟ್ಟುನಿಂತ ಫ್ರಿಜ್ಜಿನ ಬೆನ್ನು ಬಿಚ್ಚಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಅಜ್ಜಿಯ ಮಾತು ಕೇಳಿ ತಲೆಯೆತ್ತಿದಳು.

"ಅಯ್ಯೋ, ಹುಡುಗಿ ಅಲ್ವೇನೇ ನೀನು? ಆ ಕೆಲಸಕ್ಕೆ ಯಾರಾದ್ರೂ ಗಂಡಸರನ್ನ ಕರೀಬಾರ್ದಾ?"

"ಗಂಡಸರು ಬಂದು ನೋಡಿ ಆಯ್ತು ಟೀಚರ್. ಅವರು ನೋಡಿದ್ಮೇಲೇ ಪೂರ್ತಿ ಕೆಟ್ಟಿದ್ದು."

ಯಾರೋ ನಕ್ಕರು. ಟೀಚರ್ ನಗಲಿಲ್ಲ. "ಎದ್ದು ಕೈ ತೊಳ್ಕೊ. ನಮ್ಮೆದುರಿಗೇ ಮಾಡು. ಕಣ್ಣಾರೆ ನೋಡಿದ್ರೇನೇ ನನಗೆ ಸಮಾಧಾನ."

ವೀಕಾ ತನ್ನ ಜನ್ಮದಲ್ಲಿ ಸಲಾಡ್ ಮಾಡಿದವಳಲ್ಲ. ಅಜ್ಜಿಯ ಮುಖ ನೋಡಿದಳು, ಆಮೇಲೆ ಬಾಗಿಲಾಚೆ ಮಸ್ತೂರಾಳ ಬೆನ್ನನ್ನು. ಮಸ್ತೂರಾ ತಿರುಗಲಿಲ್ಲ. ತಿರುಗಿದರೆ ಕಣ್ಣು ಏನಾದರೂ ಹೇಳಿಬಿಡಬಹುದಿತ್ತು.

ಅವಳು ಕಿವಿಯಿಂದಲೇ ಎಲ್ಲ ನೋಡಿದಳು. ಕ್ಯಾರೆಟ್ ದಪ್ಪ ಸೀಳಾಗುತ್ತಿದೆ. ಉಪ್ಪು ಹಾಕಿ ಕಾಯಲಿಲ್ಲ, ನೀರು ಹಿಂಡಲಿಲ್ಲ. ವಿನೆಗರ್ ಶೀಶೆ ಗುಳುಗುಳು ಎಂದಿತು, ಬೇಕಾದ್ದಕ್ಕಿಂತ ಎರಡು ಗುಳು ಹೆಚ್ಚು. ಬಾಣಲೆಗೆ ಬೆಳ್ಳುಳ್ಳಿ ಬಿತ್ತು. ವೀಕಾ ಖಾರದ ಪುಡಿ ಹುಡುಕುತ್ತಿದ್ದಾಳೆ, ಡಬ್ಬಿ ಎಡಗಡೆ ಇದೆ, ಎಡಗಡೆ. ಸುಟ್ಟ ವಾಸನೆ ಒಳಗೆ ಬಂತು. ಮಸ್ತೂರಾ ತನಗರಿವಿಲ್ಲದೆ ಅರ್ಧ ಎದ್ದು, ಮತ್ತೆ ಬಕೆಟ್ಟಿನ ಮುಂದೆ ಕೂತಳು.

ಟೀಚರ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು.

"ಹಾಂ! ಇದು! ಈ ಸ್ವಲ್ಪ ಕಹಿ ಇದ್ಯಲ್ಲ, ಇದೇ ನೋಡಿ ಅಸಲು. ಇಷ್ಟು ದಿನ ಏನೋ ಕಮ್ಮಿ ಇತ್ತು, ನಾನೂ ಅಂದ್ಕೊಳ್ತಿದ್ದೆ ಏನಪ್ಪಾ ಇದು ಅಂತ."

"ಅದು ಬೆಳ್ಳುಳ್ಳಿ ಸುಟ್ಟು..." ಎಂದಳು ವೀಕಾ.

"ನಾಚ್ಕೋಬೇಡ್ವೇ. ರಕ್ತದಲ್ಲಿ ಬರೋದು ಹೇಳ್ಕೊಟ್ಟು ಬರಲ್ಲ. ಅದೃಷ್ಟ ಮಾಡಿರ್ಬೇಕು ನಿನ್ನ ಕಟ್ಕೊಳ್ಳೋನು. ತಿನ್ನಿ, ತಿನ್ನಿ, ಎಲ್ಲರೂ ನೋಡಿ."

ಎಲ್ಲರೂ ತಿಂದರು. ಎಲ್ಲರೂ ತಲೆದೂಗಿದರು. ಪೊಟ್ಟಣವನ್ನು ಗಾಜಿನ ಮೇಲಿಟ್ಟಿದ್ದವಳು ಅದನ್ನು ಕೊಟ್ಟು ಹೊಸದನ್ನು ತುಂಬಿಸಿಕೊಂಡಳು.

ಮಧ್ಯಾಹ್ನ ಜನ ಕರಗಿದ ಮೇಲೆ ಮೂವರೂ ಹಿಂದಿನ ಕೋಣೆಯಲ್ಲಿ ಸೇರಿದರು. ಟೀ ಆರಿಹೋಯಿತು.

"ನಾನು ಬೇರೇನು ಹೇಳ್ಬೇಕಿತ್ತು, ಹೇಳು" ಎಂದಳು ಜೋಯಾ ಕೊನೆಗೆ. "ಅಂಗಡಿ ಅಲ್ಲೇ ಮುಚ್ಚೋಗ್ತಿತ್ತು. ನಿನ್ನ ಕೂಲಿನೂ ಹೋಗ್ತಿತ್ತು."

ಮಸ್ತೂರಾ ತಲೆಯಾಡಿಸಿದಳು. ಸುಳ್ಳಲ್ಲ ಅದು.

"ಇನ್ಮೇಲೆ ನಮ್ಮನೇಲಿ ಮಾಡು. ವೀಕಾ ಬೆಳಗ್ಗೆ ಗಾಡೀಲಿ ತರ್ತಾಳೆ. ಪೇಟೆ ಕಡೆ ನೀನು ಬರೋದು ಬೇಡ."

"ನೂರುಜ್ ಆದ್ಮೇಲೆ..." ಎಂದು ಮಸ್ತೂರಾ ಶುರುಮಾಡಿದಳು. ಜೋಯಾ ಗೋಡೆಯ ಕಡೆ ನೋಡಿದಳು.

"ವೀಕಾ ಕೂತ್ಕೊಳ್ಳಲಿ."

"ನಾನಾ?" ವೀಕಾ ಎದ್ದುನಿಂತಳು. "ನನ್ನ ರಿಪೇರಿ ಕೆಲಸದ ತರಬೇತಿ? ಬಿಷ್ಕೆಕ್‌ಗೆ ಹೆಸರು ಕೊಟ್ಟಾಗಿದೆ ಅಜ್ಜಿ. ನನಗೆ ಇದು ಬರಲ್ಲ, ಸುಟ್ಟಿದ್ದನ್ನ ನೆಕ್ಕಿದ್ರು ಅವರು, ಸುಟ್ಟಿದ್ದನ್ನ!"

"ನಿನಗೆ ಬರೋದು ಬೇಕಾಗಿಲ್ಲ ಕಂದ. ನಿನ್ನ ಮುಖ ಬೇಕು."

ವೀಕಾ ಮಸ್ತೂರಾಳನ್ನು ನೋಡಿದಳು. ಮಸ್ತೂರಾಗೆ ಆ ಹುಡುಗಿಯ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಇಬ್ಬರ ನಡುವೆ ಒಬ್ಬ ಹೆಂಗಸಿಗೆ ಸಾಕಾಗುವಷ್ಟು ಎಲ್ಲ ಇತ್ತು, ಒಬ್ಬಳಲ್ಲಿ ಮುಖ, ಒಬ್ಬಳಲ್ಲಿ ಕೈ. ಆದರೆ ಒಬ್ಬರಲ್ಲೂ ಪೂರ್ತಿ ಇರಲಿಲ್ಲ.

"ಟೀಚರ್ ಇಪ್ಪತ್ತು ಕಿಲೋ ಹೇಳಿ ಹೋದ್ರು. ಇವತ್ತಿನ ಥರಾನೇ ಬೇಕಂತೆ" ಎಂದಳು ಜೋಯಾ.

"ಕಹಿಯಾಗಿ?"

"ಹೌದು. ಕಹಿಯಾಗಿ."

ಶುಕ್ರವಾರ ಜೋಯಾಳ ಮನೆಯ ಅಡುಗೆಮನೆಯಲ್ಲಿ ಮಸ್ತೂರಾ ಎಣ್ಣೆಗೆ ಬೆಳ್ಳುಳ್ಳಿ ಹಾಕಿದಳು. ಅದು ಕೆಂಪಗಾಗುತ್ತಿದ್ದಂತೆ ಕೈ ಅಭ್ಯಾಸಬಲದಿಂದ ಬಾಣಲೆಯನ್ನು ಕೆಳಗಿಳಿಸಿತು. ಅವಳು ಅದನ್ನು ಮತ್ತೆ ಒಲೆಯ ಮೇಲಿಟ್ಟು, ಕಪ್ಪಾಗುವವರೆಗೆ ನೋಡುತ್ತ ನಿಂತಳು. ಕ್ಯಾರೆಟ್ಟಿನ ನೀರು ಹಿಂಡಲಿಲ್ಲ. ಕೊತ್ತಂಬರಿ ಬೀಜ ಹುರಿಯಲಿಲ್ಲ.

ವೀಕಾ ಬಾಗಿಲಿಗೆ ಒರಗಿ ನಿಂತಿದ್ದಳು. "ಹೇಗಿದೆ ಅಕ್ಕ?" ಎಂದಳು.

ಮಸ್ತೂರಾ ಒಂದು ಎಳೆ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಇನ್ನೊಂದು ಎಳೆ ಹಾಕಿಕೊಂಡಳು. ಉಪ್ಪು ಒಂದು ಕಾಳು ಹೆಚ್ಚಾದರೂ ಹೇಳುತ್ತಿದ್ದ ನಾಲಿಗೆ ಅದು. ಕಹಿಯಿತ್ತು. ಕಹಿಯೇ ಚೆನ್ನೋ ಏನೋ, ಅಷ್ಟು ಜನ ಹೇಳುವಾಗ. ತಾನು ಇಷ್ಟು ವರ್ಷ ಮಾಡಿದ್ದರಲ್ಲಿ ನಿಜಕ್ಕೂ ಏನೋ ಕಮ್ಮಿಯಿತ್ತೋ ಏನೋ. ಅವಳು ಆ ಹಳೆಯ ರುಚಿಯನ್ನು ನೆನಪಿಸಿಕೊಳ್ಳಲು ನೋಡಿದಳು.

"ಗೊತ್ತಾಗ್ತಿಲ್ಲ" ಎಂದಳು. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.